ಎಸಿಯ ತಾಮ್ರದ ಪೈಪನ್ನು ಗ್ರೈಂಡರ್‌ನಲ್ಲಿ ಕತ್ತರಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿ. ಕೆಳಗಿನ ಮನೆಯಲ್ಲಿರುವ ಒಂದೂವರೆ ಟನ್ ಸ್ಪ್ಲಿಟ್ ಎಸಿಯನ್ನು ಮೇಲೆ ಹೊಸದಾಗಿ ಕಟ್ಟಿಸಿದ ರೂಮಿಗೆ ಸಾಗಿಸಬೇಕು. ಮೂರು ವರ್ಷದ ಎಸಿ, ಆರ್-32 ಗ್ಯಾಸ್. ಮೆಕ್ಯಾನಿಕ್ ಬಂದವನು ‘ಗ್ಯಾಸ್ ಲಾಕ್ ಮಾಡಿ, ಪೈಪನ್ನು ಗ್ರೈಂಡರ್‌ನಲ್ಲಿ ಕಟ್ ಮಾಡ್ತೀನಿ, ಎರಡು ನಿಮಿಷದ ಕೆಲಸ’ ಅಂದ. ನನಗೆ ಧೈರ್ಯ ಬರಲಿಲ್ಲ, ವಾಪಸ್ ಕಳಿಸಿದೆ. ತಾಮ್ರದಿಂದ ಕಿಡಿ ಹಾರೋದಿಲ್ಲ, ಏನೂ ಆಗಲ್ಲ ಅಂತಾನೆ ನನ್ನ ತಮ್ಮ. ಎಸಿ ಗ್ಯಾಸ್ ವಿಷ, ಸಿಲಿಂಡರ್ ಥರ ಸಿಡಿಯುತ್ತೆ ಅಂತಾರೆ ಪಕ್ಕದ ಮನೆಯವರು. ನನ್ನ ಹತ್ತಿರ ನಾಲ್ಕು ಇಂಚಿನ ಗ್ರೈಂಡರ್, ಹ್ಯಾಕ್ಸಾ ಎರಡೂ ಇವೆ. ನಾನೇ ಕತ್ತರಿಸಬಹುದಾ? ಅದೇ ಪೈಪನ್ನು ಮತ್ತೆ ಬಳಸಬಹುದಾ? ಇನ್ನೊಂದು ಹಳೆಯ ಆರ್-22 ಎಸಿ ಕಂಪ್ರೆಸರ್ ಕೆಟ್ಟು ನಿಂತಿದೆ. ಗುಜರಿಯವರು ‘ಪೈಪ್ ಕಟ್ ಮಾಡಿ ಇಟ್ಟಿರಿ, ಬಂದು ಒಯ್ತೀವಿ’ ಅಂದಿದ್ದಾರೆ. ಅದಕ್ಕೇನು ಮಾಡಲಿ?

ಉತ್ತರ: ಮೆಕ್ಯಾನಿಕ್‌ನನ್ನು ತಡೆದು ಒಳ್ಳೆಯದು ಮಾಡಿದಿರಿ. ಹಾಗಂತ ಪಕ್ಕದ ಮನೆಯವರು ಹೆದರಿಸಿದಷ್ಟು ಭಯಪಡಬೇಕಾಗಿಯೂ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕ ಬೆರೆತಿವೆ. ಕತ್ತರಿಸುವಾಗ ನನಗೇನಾದರೂ ಆದೀತೇ ಅನ್ನುವುದು ಒಂದು. ಕತ್ತರಿಸಿದ ಮೇಲೆ ಎಸಿ ಕೆಟ್ಟೀತೇ ಅನ್ನುವುದು ಇನ್ನೊಂದು. ಎರಡಕ್ಕೂ ಕಾರಣಗಳು ಬೇರೆ ಬೇರೆ.

ಮೊದಲು ಗ್ಯಾಸಿನ ವಿಷಯ. ಆರ್-32 ಉರಿಯುವ ಗ್ಯಾಸೇ ಹೌದು, ಆದರೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಗಾಳಿಯಲ್ಲಿ ಸುಮಾರು ಶೇಕಡಾ 14ರಷ್ಟು ಸೇರಿದರೆ ಮಾತ್ರ ಬೆಂಕಿ ಹಿಡಿಯುತ್ತದೆ. ಕಿಟಕಿ ಬಾಗಿಲು ತೆರೆದ ಜಾಗದಲ್ಲಿ ಒಂದು ಮನೆ ಎಸಿಯ ಗ್ಯಾಸ್ ಆ ಮಟ್ಟಕ್ಕೆ ಹೋಗುವುದು ಕಷ್ಟ. ಆದರೆ ನಮ್ಮಲ್ಲಿ ಮಾರಾಟವಾದ ಕೆಲವು ಎಸಿಗಳಲ್ಲಿ ಆರ್-290 ಇದೆ. ಅದು ಶುದ್ಧ ಪ್ರೊಪೇನ್. ಅದಕ್ಕೆ ಶೇಕಡಾ 2 ಸಾಕು. ಅದಕ್ಕೇ ಔಟ್‌ಡೋರ್ ಯೂನಿಟ್ ಮೇಲಿನ ಸ್ಟಿಕ್ಕರ್ ಓದದೆ ಯಾರೂ ಪೈಪಿಗೆ ಕೈ ಹಾಕಬಾರದು. ನಿಮ್ಮದು ಆರ್-32 ಅಂತ ನೀವು ಆಗಲೇ ನೋಡಿಕೊಂಡಿದ್ದೀರಿ, ಸರಿ.

ವಿಷ ಅನ್ನುವುದು ಅರ್ಧ ನಿಜ. ಪೈಪಿನಲ್ಲಿರುವ ಗ್ಯಾಸ್ ಇದ್ದ ಹಾಗೇ ಇದ್ದರೆ ಮೂಗಿಗೆ ಸ್ವಲ್ಪ ತಗುಲಿದ ಮಾತ್ರಕ್ಕೆ ವಿಷವಾಗುವುದಿಲ್ಲ. ಅದು ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಕೆಳಗೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅಪಾಯ ಇರುವುದು ಅಲ್ಲಿ. ನಿಜವಾದ ವಿಷ ಹುಟ್ಟುವುದು ಗ್ಯಾಸಿಗೆ ಬೆಂಕಿ ಅಥವಾ ಕೆಂಪಗೆ ಕಾದ ಲೋಹ ತಾಗಿದಾಗ. ಆರ್-22ರಲ್ಲಿ ಕ್ಲೋರಿನ್ ಇದೆ, ಸುಟ್ಟರೆ ಫಾಸ್ಜೀನ್ ಹುಟ್ಟಬಹುದು. ಆರ್-32ರಲ್ಲಿ ಕ್ಲೋರಿನ್ ಇಲ್ಲ, ಆದರೆ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಹಾಗಾಗಿ ಗ್ಯಾಸ್ ಉಳಿದಿರುವ ಪೈಪಿನ ಹತ್ತಿರ ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚುವುದು, ಬೀಡಿ ಸಿಗರೇಟು ಸೇದುತ್ತಾ ಕೆಲಸ ಮಾಡುವುದು ಬೇಡವೇ ಬೇಡ.

ಇವೆಲ್ಲಕ್ಕಿಂತ ಹತ್ತಿರದ ಅಪಾಯ ಒತ್ತಡದ್ದು. ಎಸಿ ಆಫ್ ಇದ್ದರೂ ಪೈಪಿನೊಳಗೆ ಒತ್ತಡ ಇದ್ದೇ ಇರುತ್ತದೆ. 30 ಡಿಗ್ರಿ ಬಿಸಿ ಇರುವ ದಿನ ಆರ್-32 ಪೈಪಿನಲ್ಲಿ ಸುಮಾರು 260 ಪಿಎಸ್‌ಐ, ಆರ್-22 ಪೈಪಿನಲ್ಲಿ ಸುಮಾರು 155 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಾಕಿಸುವುದು 30-35 ಅಷ್ಟೇ. ಜೊತೆಗೆ ಸಣ್ಣ ಪೈಪಿನಲ್ಲಿ ದ್ರವ ನಿಂತಿದ್ದರೆ ಅದು ಹೊರಗೆ ಬಂದ ಕ್ಷಣವೇ ಕುದಿಯುತ್ತದೆ. ಆರ್-32 ಕುದಿಯುವುದು ಸೊನ್ನೆಗಿಂತ 52 ಡಿಗ್ರಿ ಕೆಳಗೆ. ಬೆರಳಿಗೆ ಬಿದ್ದರೆ ಚರ್ಮ ಬಿಳಚಿ ಮರಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಹಾಗಾದರೆ ಉಜ್ಜಬೇಡಿ, ಬಿಸಿನೀರು ಹಾಕಬೇಡಿ. ಉಗುರುಬೆಚ್ಚಗಿನ ನೀರು ಹಾಕುತ್ತಾ ಆಸ್ಪತ್ರೆಗೆ ಹೋಗಿ.

ಇನ್ನು ನಿಮ್ಮ ತಮ್ಮನ ಮಾತು. ತಾಮ್ರ ಕಬ್ಬಿಣದ ಹಾಗೆ ಕಿಡಿ ಹಾರಿಸುವುದಿಲ್ಲ, ಅದು ಸರಿ. ಆದರೆ ಗ್ರೈಂಡರ್ ಹಾರಿಸುತ್ತದೆ. ಅದರ ಮೋಟರಿನ ಕಾರ್ಬನ್ ಬ್ರಷ್ ಹತ್ತಿರ ಗಾಳಿಕಿಂಡಿಯಲ್ಲಿ ಇಣುಕಿ ನೋಡಿ, ನೀಲಿ ಕಿಡಿ ಕಾಣುತ್ತದೆ. ಡಿಸ್ಕ್ ಪೈಪನ್ನು ದಾಟಿ ಹಿಂದಿನ ಕಬ್ಬಿಣದ ಬ್ರಾಕೆಟ್‌ಗೆ ತಾಗಿದರಂತೂ ಕೇಳುವುದೇ ಬೇಡ.

ಗ್ರೈಂಡರ್ ಬೇಡ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣಗಳಿವೆ. ಎಸಿ ಪೈಪ್ ತೆಳುವಾದ ಮೆತ್ತನೆ ತಾಮ್ರ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಡಿಸ್ಕ್ ಅರ್ಧ ಇಳಿಯುವ ಹೊತ್ತಿಗೆ ಪೈಪ್ ಬಾಗಿ ಡಿಸ್ಕನ್ನು ಕಚ್ಚಿಕೊಳ್ಳುತ್ತದೆ. ಆಗ ಗ್ರೈಂಡರ್ ಹಿಂದಕ್ಕೆ ಒದೆಯುತ್ತದೆ. ಒಂದು ಕೈಯಲ್ಲಿ ಪೈಪ್, ಇನ್ನೊಂದು ಕೈಯಲ್ಲಿ ಗಾರ್ಡ್ ಬಿಚ್ಚಿದ ಗ್ರೈಂಡರ್, ನಿಂತಿರುವುದು ಏಣಿಯ ಮೇಲೆ. ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ದೃಶ್ಯ. ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಇದನ್ನು ಬಿಡಿಸುತ್ತೇನೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರ್‌ಗೆ ಹಾಕುವವರೂ ಇದ್ದಾರೆ. ದಯವಿಟ್ಟು ಅದನ್ನು ಯಾವ ಕೆಲಸಕ್ಕೂ ಮಾಡಬೇಡಿ.

ಎಸಿಗೆ ಆಗುವ ಹಾನಿ ತಕ್ಷಣ ಕಾಣುವುದಿಲ್ಲ, ಅದಕ್ಕೇ ಜನ ನಂಬುವುದಿಲ್ಲ. ಡಿಸ್ಕ್ ಸವೆದ ಪುಡಿ ಗಟ್ಟಿ ಕಲ್ಲಿನ ಕಣ. ತಾಮ್ರದ ಪುಡಿ ಜೊತೆ ಸೇರಿ ಅದು ಪೈಪಿನೊಳಗೆ ನುಗ್ಗಿ, ಒಳಗಿರುವ ಎಣ್ಣೆಯ ಪಸೆಗೆ ಅಂಟಿಕೊಳ್ಳುತ್ತದೆ. ಊದಿದರೆ ಹೋಗುವುದಿಲ್ಲ, ಬಟ್ಟೆ ತುರುಕಿ ಒರೆಸಿದರೂ ಪೂರ್ತಿ ಬರುವುದಿಲ್ಲ. ಎಸಿ ಶುರುವಾದ ಮೇಲೆ ಎಣ್ಣೆ ಜೊತೆ ಹರಿದು ಜಾಲರಿಗೆ, ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವಿಗೆ, ಅಲ್ಲಿಂದ ಕಂಪ್ರೆಸರಿಗೆ ಹೋಗುತ್ತದೆ. ರೋಟರಿ ಕಂಪ್ರೆಸರಿನ ಒಳಗೆ ಬಿಡಿಭಾಗಗಳ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ. ಶಿಫ್ಟ್ ಮಾಡಿದ ಮೇಲೆ ಕೂಲಿಂಗ್ ಕಮ್ಮಿಯಾಯ್ತು, ಒಂದು ಬೇಸಿಗೆ ಕಳೆದ ಮೇಲೆ ಕಂಪ್ರೆಸರ್ ಹೋಯ್ತು ಅನ್ನುವ ದೂರುಗಳನ್ನು ತುಂಬಾ ಕೇಳುತ್ತೇನೆ. ಎಲ್ಲಕ್ಕೂ ಗ್ರೈಂಡರ್ರೇ ಕಾರಣ ಅನ್ನಲಾರೆ. ಆದರೆ ಬಿಚ್ಚಿ ನೋಡಿದಾಗ ಜಾಲರಿಯಲ್ಲಿ ಕಪ್ಪು ಕೆಂಪು ಪುಡಿ ಸಿಕ್ಕರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

  

ಈಗ ನಿಮ್ಮ ಮನೆಯ ಕೆಲಸಕ್ಕೆ ಬರೋಣ. ನಾನು ಮೊದಲು ಕೇಳುವುದು ಇದು: ಪೈಪನ್ನು ಕತ್ತರಿಸಲೇಬೇಕಾ? ಬಹಳ ಸಲ ಬೇಕಾಗುವುದಿಲ್ಲ. ಪೈಪ್ ಗೋಡೆಯ ತೂತಿನಿಂದ ಹಾದು ಹೊರಗೆ ಕಾಣುವಂತೆ ಹೋಗಿದ್ದರೆ, ಎರಡೂ ತುದಿಯ ಫ್ಲೇರ್ ನಟ್ (ಗಂಟೆಯಂತೆ ಅಗಲಿಸಿದ ಪೈಪಿನ ಬಾಯಿಯನ್ನು, ಅಂದರೆ ಫ್ಲೇರನ್ನು, ಬಿಗಿಹಿಡಿಯುವ ನಟ್) ಬಿಚ್ಚಿ, ಬಾಗು ನೇರ ಮಾಡಿಕೊಂಡು ಇಡೀ ಪೈಪನ್ನು ಎಳೆದು ತೆಗೆಯಬಹುದು. ಹೊಸ ಜಾಗದಲ್ಲಿ ಅಳತೆಗೆ ಬೇಕಾದಷ್ಟು ಮಾತ್ರ ತುದಿಯಲ್ಲಿ ಕತ್ತರಿಸಿದರಾಯಿತು. ಗೋಡೆ ಒಳಗೆ ಪ್ಲಾಸ್ಟರ್ ಮಾಡಿ ಮುಚ್ಚಿದ್ದರೆ ಅದನ್ನು ಅಲ್ಲೇ ಬಿಡಿ. ಎರಡೂ ಬಾಯಿ ಭದ್ರವಾಗಿ ಮುಚ್ಚಿಟ್ಟರೆ ಮುಂದೆ ಯಾವಾಗಲಾದರೂ ಉಪಯೋಗಕ್ಕೆ ಬಂದೀತು. ಇಂಡೋರ್ ಯೂನಿಟ್ಟಿನಿಂದ ಹೊರಬರುವ ಗಿಡ್ಡ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಅದು ಕಾಯಿಲ್‌ನದೇ ಭಾಗ, ಹೋದರೆ ಬೆಸುಗೆ ಹಾಕಿಸಬೇಕು.

ಗ್ಯಾಸ್ ಲಾಕ್ ಮಾಡುವ ಕೆಲಸ, ಅಂದರೆ ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್ಟಿನೊಳಗೆ ಸೇರಿಸಿ ಮುಚ್ಚುವುದು, ಮೆಕ್ಯಾನಿಕ್‌ಗೇ ಬಿಡಿ. ನೀವು ಪಕ್ಕದಲ್ಲಿ ನಿಂತು ನೋಡಿ. ಸರಿಯಾಗಿ ಮಾಡುವವನು ಒತ್ತಡ ತೋರಿಸುವ ಗೇಜ್ ಹಾಕುತ್ತಾನೆ. ಎಸಿ ಕೂಲಿಂಗ್‌ನಲ್ಲಿ ಓಡುತ್ತಿರುವಾಗ ಸಣ್ಣ ಪೈಪಿನ ವಾಲ್ವನ್ನು ಅಲೆನ್ ಕೀಯಿಂದ ಮುಚ್ಚುತ್ತಾನೆ. ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಸೇರುತ್ತಾ ಗೇಜಿನ ಮುಳ್ಳು ಇಳಿಯುತ್ತದೆ. ಸೊನ್ನೆ ಹತ್ತಿರ ಬಂದ ಕೂಡಲೇ ದಪ್ಪ ಪೈಪಿನ ವಾಲ್ವ್ ಮುಚ್ಚಿ, ಎಸಿ ಆಫ್ ಮಾಡುತ್ತಾನೆ. ಸುಮ್ನೆ ಅಂದಾಜಿನ ಮೇಲೆ ಮುಚ್ಚುವವರೂ ಇದ್ದಾರೆ, ಅಂಥವರಿಗೆ ಗೇಜ್ ಎಲ್ಲಿ ಅಂತ ಕೇಳಿ. ಕಂಪ್ರೆಸರ್ ಓಡುತ್ತಿರುವಾಗಲೇ ನಟ್ ಸಡಿಲ ಮಾಡಲು ಬಿಡಲೇಬೇಡಿ. ಹೊರಗಿನ ಗಾಳಿಯನ್ನು ಕಂಪ್ರೆಸರ್ ಎಳೆದುಕೊಂಡರೆ, ಗಾಳಿ ಮತ್ತು ಎಣ್ಣೆ ಒಟ್ಟಿಗೆ ಒತ್ತಿ ಕಾದು ಯೂನಿಟ್ ಸಿಡಿದುಬಿಡಬಹುದು. ಜಪಾನಿನಲ್ಲಿ ಇಂಥ ಅಪಘಾತಗಳಾಗಿ, ಅಲ್ಲಿನ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ. ಪಕ್ಕದ ಮನೆಯವರ ಮಾತಿನಲ್ಲಿ ಸತ್ಯ ಇದ್ದರೆ ಇಲ್ಲಿ ಇದೆ.

ಲಾಕ್ ಆದ ಮೇಲೆ ಹತ್ತು ನಿಮಿಷ ಗೇಜ್ ನೋಡಿ. ಮುಳ್ಳು ಸ್ವಲ್ಪ ಏರಿ ನಿಂತರೆ ಎಣ್ಣೆಯಲ್ಲಿ ಕರಗಿದ್ದ ಗ್ಯಾಸ್ ಹೊರಬಂದದ್ದು, ಪರವಾಗಿಲ್ಲ. ಏರುತ್ತಲೇ ಹೋದರೆ ವಾಲ್ವ್ ಹಿಡಿಯುತ್ತಿಲ್ಲ. ಹಾಗಿದ್ದರೆ ಗ್ಯಾಸನ್ನು ರಿಕವರಿ ಮೆಷಿನ್‌ನಿಂದ ಬೇರೆ ಸಿಲಿಂಡರಿಗೆ ತೆಗೆದೇ ಮುಂದುವರಿಯಬೇಕು.

ಆಮೇಲೆ ಎಂಸಿಬಿ ಆಫ್. ರಿಮೋಟ್‌ನಲ್ಲಿ ಆಫ್ ಮಾಡಿದ್ದು ಲೆಕ್ಕಕ್ಕಿಲ್ಲ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಗೋಡೆ ಮೇಲೆ ಕಾಣುವ ಬಿಳಿ ಟೇಪಿನ ಕಟ್ಟಿನಲ್ಲಿ ಎರಡು ತಾಮ್ರದ ಪೈಪ್ ಮಾತ್ರ ಇರುವುದಿಲ್ಲ. ಇಂಡೋರ್‌ನಿಂದ ಔಟ್‌ಡೋರ್‌ಗೆ ಹೋಗುವ ಕರೆಂಟಿನ ಕೇಬಲ್, ನೀರು ಹೋಗುವ ಡ್ರೈನ್ ಪೈಪ್ ಕೂಡ ಅದೇ ಟೇಪಿನೊಳಗೆ ಸುತ್ತಿಕೊಂಡಿರುತ್ತವೆ. ಟೇಪಿನ ಮೇಲಿಂದಲೇ ಗ್ರೈಂಡರ್ ಅಥವಾ ಹ್ಯಾಕ್ಸಾ ಇಟ್ಟರೆ ಮೊದಲು ಸಿಗುವುದು ಕೇಬಲ್ಲೇ ಇರಬಹುದು. ಎಂಸಿಬಿ ಇಳಿಸಿ, ಟೆಸ್ಟರ್ ಹಾಕಿ ನೋಡಿ, ಟೇಪನ್ನು ಕೈಯಿಂದ ಸುತ್ತು ಸುತ್ತಾಗಿ ಬಿಚ್ಚಿ. ಬ್ಲೇಡ್ ಎಳೆಯಬೇಡಿ. ಕೇಬಲ್ಲನ್ನು ಬೇರೆ ಮಾಡಿಟ್ಟ ಮೇಲೆ ಪೈಪಿನ ಕಡೆ ಗಮನ ಕೊಡಿ.

ಪೈಪ್ ಕತ್ತರಿಸುವ ಮೊದಲು ಫ್ಲೇರ್ ನಟ್ ಸಡಿಲಿಸಬೇಕು, ಈ ಕ್ರಮ ತಪ್ಪಬಾರದು. ಎರಡು ಸ್ಪ್ಯಾನರ್ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ನಟ್ ಒಂದು ಚೂರು ತಿರುಗಿಸಿ ನಿಲ್ಲಿಸಿ. ‘ಸುಯ್’ ಅಂತ ಸಣ್ಣ ಸದ್ದು ಬಂದು ನಿಂತರೆ ಉಳಿದ ಗ್ಯಾಸ್ ಹೋಯ್ತು ಅಂತ ಅರ್ಥ. ಸದ್ದು ನಿಲ್ಲದಿದ್ದರೆ ನಟ್ಟನ್ನು ವಾಪಸ್ ಬಿಗಿ ಮಾಡಿ. ಕತ್ತರಿಸಿದ ಪೈಪನ್ನು ಹೀಗೆ ವಾಪಸ್ ಮುಚ್ಚಲು ಆಗುವುದಿಲ್ಲ, ಅದಕ್ಕೇ ನಟ್ ಮೊದಲು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸ್, ಕಿಟಕಿ ಬಾಗಿಲು ತೆರೆದಿರಲಿ. ಔಟ್‌ಡೋರ್ ಯೂನಿಟ್ ಗೋಡೆಯ ಬ್ರಾಕೆಟ್ ಮೇಲಿದ್ದು, ಏಣಿ ಮೇಲೆ ನಿಂತೇ ಕೈ ಹಾಕಬೇಕಿದ್ದರೆ ಆ ಭಾಗ ನೀವು ಮಾಡಬೇಡಿ. ಈ ಕೆಲಸದಲ್ಲಿ ಗ್ಯಾಸಿಗಿಂತ ಜಾಸ್ತಿ ಜನರಿಗೆ ಪೆಟ್ಟು ಮಾಡುವುದು ಎತ್ತರ.

ಕತ್ತರಿಸುವುದಕ್ಕೆ ಬೇಕಾದದ್ದು ಟ್ಯೂಬ್ ಕಟರ್. ಎಸಿ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಕಡೆ ಎರಡು ಉರುಳೆ, ಎದುರಿಗೆ ಚೂಪಾದ ಸಣ್ಣ ಚಕ್ರ, ಹಿಂದೆ ತಿರುಗಿಸುವ ಗುಂಡಿ. ಗುರುತು ಹಾಕಿದ ಜಾಗಕ್ಕೆ ಚಕ್ರ ಕೂರಿಸಿ, ಗುಂಡಿಯನ್ನು ಚಕ್ರ ಪೈಪಿಗೆ ಮುಟ್ಟುವಷ್ಟು ಮಾತ್ರ ಬಿಗಿ ಮಾಡಿ. ಮೊದಲ ಸುತ್ತು ಹಗುರವಾಗಿ ತಿರುಗಿಸಿ. ಪೈಪಿನ ಸುತ್ತ ಹೊಳೆಯುವ ಒಂದೇ ಗೆರೆ ಕಾಣಬೇಕು. ಸ್ಕ್ರೂವಿನ ಸುರುಳಿಯಂತೆ ಎರಡು ಗೆರೆ ಬಂದರೆ ಕಟರ್ ಓರೆಯಾಗಿದೆ, ಸಡಿಲಿಸಿ ಮತ್ತೆ ಕೂರಿಸಿ. ಗೆರೆ ಸರಿಯಾಗಿ ಬಿದ್ದ ಮೇಲೆ ಸುತ್ತಿಗೊಮ್ಮೆ ಗುಂಡಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಿ, ಕಾಲು ತಿರುವಿಗಿಂತ ಜಾಸ್ತಿ ಬೇಡ. ಏಳೆಂಟು ಸುತ್ತಿಗೆ ಕಾಲಿಂಚಿನ ಪೈಪ್ ‘ಟಕ್’ ಅಂತ ಬಿಟ್ಟುಕೊಳ್ಳುತ್ತದೆ. ಗ್ರೈಂಡರಿನ ವೈರ್ ಎಳೆದು ಪ್ಲಗ್ ಹಾಕುವ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಬೇಗ ಆಗಲಿ ಅಂತ ಗುಂಡಿ ಜೋರಾಗಿ ತಿರುಗಿಸಿದರೆ ಪೈಪ್ ಮೊಟ್ಟೆಯಾಕಾರವಾಗುತ್ತದೆ, ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಅಂಥ ಬಾಯಿಗೆ ಫ್ಲೇರ್ ಸರಿಯಾಗಿ ಕೂರುವುದಿಲ್ಲ. ಗೋಡೆಯ ಪಕ್ಕ ಕೈ ತಿರುಗಿಸಲು ಜಾಗ ಇಲ್ಲದಿದ್ದರೆ ಮಿನಿ ಕಟರ್ ಕೇಳಿ ಪಡೆಯಿರಿ.

ಎಷ್ಟು ಚೆನ್ನಾಗಿ ಕತ್ತರಿಸಿದರೂ ಒಳಗಂಚಿನಲ್ಲಿ ಒಂದು ಸಣ್ಣ ಏಣು ಉಳಿದೇ ಉಳಿಯುತ್ತದೆ. ಬೆರಳು ಹಾಕಿ ನೋಡಬೇಡಿ, ಬ್ಲೇಡಿನಷ್ಟೇ ಚೂಪು. ರೀಮರ್ ಅನ್ನುವ ಸಣ್ಣ ಸಾಧನದಿಂದ ಅದನ್ನು ಸವರಿ ತೆಗೆಯಬೇಕು. ಆಗ ಪೈಪಿನ ಬಾಯಿ ನೆಲದ ಕಡೆ ಇರಲಿ, ರೀಮರನ್ನು ಕೆಳಗಿನಿಂದ ತಿರುಗಿಸಿ, ಚೂರು ಒಳಗೆ ಹೋಗದೆ ಕೆಳಗೆ ಬೀಳುತ್ತದೆ. ಅನುಭವ ಇರುವ ಮೆಕ್ಯಾನಿಕ್‌ಗಳೂ ಈ ಹಂತ ಹಾರಿಸುತ್ತಾರೆ. ಫ್ಲೇರ್ ಮಾಡಿದಾಗ ಆ ಏಣೇ ಮಡಚಿಕೊಂಡು ಗೆರೆಯಾಗಿ ನಿಲ್ಲುತ್ತದೆ, ಅಲ್ಲಿಂದ ಗ್ಯಾಸ್ ನಿಧಾನಕ್ಕೆ ಸೋರುತ್ತದೆ. ವರ್ಷ ವರ್ಷ ಗ್ಯಾಸ್ ತುಂಬಿಸುವವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಫ್ಲೇರನ್ನೇ.

ಹ್ಯಾಕ್ಸಾ ಬಳಸಬಹುದಾ ಅಂದರೆ, ಬಿಸಾಡುವ ಪೈಪಿಗೆ ಧಾರಾಳವಾಗಿ ಬಳಸಿ. ಮತ್ತೆ ಬಳಸುವ ಪೈಪಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಇಂಚಿಗೆ 32 ಹಲ್ಲಿನ ಬ್ಲೇಡ್ ಹಾಕಿ, ಹಲ್ಲು ದೊಡ್ಡದಾದರೆ ತೆಳು ತಾಮ್ರಕ್ಕೆ ಸಿಕ್ಕಿಹಾಕಿಕೊಂಡು ಬಾಯಿ ಹರಿಯುತ್ತದೆ. ಬೆಂಚ್ ವೈಸ್‌ನಲ್ಲಿ ನೇರವಾಗಿ ಬಿಗಿಯಬೇಡಿ, ಎರಡೂ ಕಡೆ ಮರದ ತುಂಡು ಇಟ್ಟು ಹಗುರವಾಗಿ ಹಿಡಿಯಿರಿ. ಬಾಯಿ ಕೆಳಮುಖವಾಗಿರಲಿ. ಆಮೇಲೆ ತುದಿಯಿಂದ ಒಂದೆರಡು ಇಂಚು ಬಿಟ್ಟು ಟ್ಯೂಬ್ ಕಟರ್‌ನಿಂದ ಮತ್ತೊಮ್ಮೆ ಕತ್ತರಿಸಿದರೆ ಒಳ್ಳೆಯದು. ಬ್ಯಾಟರಿಯ ಟ್ಯೂಬ್ ಕಟರ್‌ಗಳೂ ಬಂದಿವೆ. ಅವು ಚಕ್ರದಿಂದಲೇ ಕತ್ತರಿಸುವುದರಿಂದ ಚೆನ್ನಾಗಿವೆ, ದಿನವಿಡೀ ಇದೇ ಕೆಲಸ ಮಾಡುವವರಿಗೆ ಸರಿ. ದೊಡ್ಡ ಕಟ್ಟಡಗಳ ಎರಡು ಇಂಚಿನ ಗಟ್ಟಿ ಪೈಪಿಗೆ ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಪವರ್ ಗರಗಸ ಬಳಸುವುದುಂಟು. ಆದರೆ ಪೈಪನ್ನು ಎರಡೂ ಕಡೆ ಕ್ಲ್ಯಾಂಪ್ ಮಾಡಿ, ಆಮೇಲೆ ಒಳಗೆಲ್ಲ ಸ್ವಚ್ಛ ಮಾಡುತ್ತಾರೆ. ಮನೆ ಎಸಿಗೆ ಅದರ ಅಗತ್ಯ ಇಲ್ಲ.

ಅದೇ ಪೈಪ್ ಮತ್ತೆ ಬಳಸಬಹುದು, ಕೆಲವು ಷರತ್ತಿನ ಮೇಲೆ. ಬಿಚ್ಚಿದ ನಿಮಿಷದಲ್ಲೇ ಎರಡೂ ಬಾಯಿಗೆ ಟೇಪ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ. ಆರ್-32ರ ಜೊತೆ ಇರುವ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಔಟ್‌ಡೋರ್ ಯೂನಿಟ್ಟಿನ ವಾಲ್ವ್ ಬಾಯಿಗಳಿಗೂ ಮುಚ್ಚಳ ಹಾಕಬೇಕು. ಈಗ ಗ್ಯಾಸ್ ಪೂರ್ತಿ ಅದರೊಳಗೇ ಇದೆ, ಮಲಗಿಸದೆ ನೇರವಾಗಿ ಸಾಗಿಸಿ. ಹಳೆಯ ಫ್ಲೇರ್ ಮತ್ತೆ ಬಳಸಬೇಡಿ, ತುದಿ ಕತ್ತರಿಸಿ ಹೊಸದು ಮಾಡಿಸಿ. ಒಮ್ಮೆ ಬಾಗಿಸಿದ ತಾಮ್ರ ಗಟ್ಟಿಯಾಗಿರುತ್ತದೆ, ಅದೇ ಜಾಗದಲ್ಲಿ ನೇರ ಮಾಡಿ ಮತ್ತೆ ಬಾಗಿಸಿದರೆ ಮಡಿಕೆ ಬೀಳಬಹುದು. ಮಡಿಕೆ ಬಿದ್ದ ಪೈಪ್ ಬೇಡ. ಬಾಯಿ ತೆರೆದು ತಿಂಗಳುಗಟ್ಟಲೆ ಬಿದ್ದಿದ್ದ ಪೈಪ್ ಬೇಡ. ನಿಮ್ಮ ಆರ್-22 ಎಸಿಯ ಹಳೆ ಪೈಪನ್ನು ಇದಕ್ಕೆ ಹಾಕೋಣ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಎಣ್ಣೆಯೂ ಬೇರೆ, ಒತ್ತಡವೂ ಬೇರೆ.

ಮೇಲಿನ ರೂಮಿನಲ್ಲಿ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡಲು ಹೇಳಿ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಲೇಬೇಕು. ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕ್ತೀನಿ, ಪಂಪ್ ಬೇಡ’ ಅಂದರೆ ಒಪ್ಪಬೇಡಿ. ಹಾಗೆ ಮಾಡಿದರೆ ತೇವ ಒಳಗೇ ಉಳಿಯುತ್ತದೆ.

ಕೊನೆಗೆ ಆ ಕೆಟ್ಟ ಎಸಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಆತಂಕ ತಂದದ್ದು ಇದೇ. ಕಂಪ್ರೆಸರ್ ಓಡುವುದಿಲ್ಲ ಅಂದಮೇಲೆ ಗ್ಯಾಸ್ ಲಾಕ್ ಮಾಡುವ ದಾರಿಯೇ ಇಲ್ಲ. ಎರಡು ವರ್ಷ ನಿಂತಿದ್ದರೂ ಸೋರಿಕೆ ಇಲ್ಲದಿದ್ದರೆ ಪೂರ್ತಿ ಗ್ಯಾಸ್ ಪೈಪಿನಲ್ಲೇ ಇರುತ್ತದೆ, ಪೂರ್ತಿ ಒತ್ತಡದಲ್ಲಿ. ಗುಜರಿಯವರು ಕಟಿಂಗ್ ಪ್ಲೇಯರ್‌ನಿಂದ ಕಚಕ್ ಅಂತ ಕತ್ತರಿಸಿ ಗ್ಯಾಸ್ ಬಿಟ್ಟುಬಿಡುತ್ತಾರೆ. ಕತ್ತರಿಸುವವರ ಕೈ ಮುಖಕ್ಕೆ ಎಣ್ಣೆ ಸಮೇತ ಅದು ಚಿಮ್ಮುತ್ತದೆ. ಆರ್-22 ಓಝೋನ್ ಪದರಕ್ಕೂ ಹಾನಿ, ಭೂಮಿ ಬಿಸಿ ಮಾಡುವುದರಲ್ಲೂ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು ಜಾಸ್ತಿ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಅದನ್ನು ಬಿಡುತ್ತಾ ಬಂದಿರುವುದೇ ಈ ಕಾರಣಕ್ಕೆ.

ಹಾಗಾಗಿ ಆ ಎಸಿಯ ಪೈಪನ್ನು ನೀವೂ ಮುಟ್ಟಬೇಡಿ, ಗುಜರಿಯವರನ್ನೂ ಮುಟ್ಟಲು ಬಿಡಬೇಡಿ. ರಿಕವರಿ ಮೆಷಿನ್ ಇರುವ ಸರ್ವಿಸ್‌ನವರನ್ನು ಕರೆಸಿ ಗ್ಯಾಸ್ ತೆಗೆಸಿ. ಫೋನ್ ಮಾಡುವಾಗಲೇ ಮೆಷಿನ್ ಮತ್ತು ಖಾಲಿ ಸಿಲಿಂಡರ್ ತರುತ್ತೀರಾ ಅಂತ ಕೇಳಿ, ಇಲ್ಲದಿದ್ದರೆ ಬಂದವರೂ ಹೊರಗೇ ಬಿಡುತ್ತಾರೆ. ಹೊಸ ಎಸಿ ಕೊಳ್ಳುವ ಯೋಚನೆ ಇದ್ದರೆ ಹಳೆಯದನ್ನು ವಿನಿಮಯಕ್ಕೆ ಇದ್ದ ಹಾಗೇ ಕೊಡಬಹುದು. ಅಧಿಕೃತ ಇ-ತ್ಯಾಜ್ಯ ಸಂಗ್ರಹ ಮಾಡುವವರಿಗೂ ಕೊಡಬಹುದು. ಗ್ಯಾಸ್ ತೆಗೆದು ಗೇಜ್ ಸೊನ್ನೆ ತೋರಿಸಿದ ಮೇಲೆ, ಎಂಸಿಬಿ ಇಳಿಸಿ ಕೇಬಲ್ ಬೇರೆ ಮಾಡಿದ ಮೇಲೆ, ಆ ಪೈಪನ್ನು ನಿಮ್ಮ ಹ್ಯಾಕ್ಸಾದಿಂದ ಕತ್ತರಿಸಿ ಗುಜರಿಗೆ ಕೊಡಿ. ಔಟ್‌ಡೋರ್ ಯೂನಿಟ್ಟಿನ ಮುಚ್ಚಳ ಮಾತ್ರ ತೆರೆಯಬೇಡಿ, ಒಳಗಿನ ಕೆಪಾಸಿಟರ್ ಕರೆಂಟ್ ಇಲ್ಲದಿದ್ದರೂ ಶಾಕ್ ಹೊಡೆಯಬಲ್ಲದು.